ಬಂಧುಜನರನ್ನು ಬೀಳ್ಕೊಳ್ಳುವ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಶ್ರಾವಕರ ಮನೆಗಳಲ್ಲಿ ಹಿರಿಯರು ತಾವು ನಡೆಸಿದ ನೋಂಪಿಗಳ ಮಾತನ್ನು ಸಂತೋಷದಿಂದ ಆಡುತ್ತಾರೆ. ಅನಂತನ ನೋಂಪಿ ಎಷ್ಟು ವರ್ಷ ನಡೆಯಿತು, ಅದರ ಉದ್ಯಾಪನೆ ಯಾವ ಬಸದಿಯಲ್ಲಿ ಆಯಿತು, ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಎಷ್ಟು ಉಪವಾಸ, ಎಷ್ಟು ಏಕಭುಕ್ತ ಎಂಬುದು ಮೊಮ್ಮಕ್ಕಳಿಗೂ ಗೊತ್ತಿರುತ್ತದೆ. ಆದರೆ ಅದೇ ಹಿರಿಯರು ‘ನಾಳೆ ನಾನು ಕಾಲವಾದ ಮೇಲೆ’ ಎಂದು ಬಾಯಿ ತೆರೆದರೆ ಸಾಕು, ಮಗಳು ‘ಬಿಡ್ತು ಅನ್ನಿ ಅಪ್ಪಾಜಿ’ ಎಂದು ತಡೆಯುತ್ತಾಳೆ. ಸೊಸೆ ಎದ್ದು ಅಡಿಗೆಮನೆಗೆ ಹೋಗುತ್ತಾಳೆ. ಮಗ ಕೈಯಲ್ಲಿರುವ ಫೋನನ್ನು ನೋಡತೊಡಗುತ್ತಾನೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಹಿರಿಯರಿಗೂ ಒಳಗೊಳಗೇ ಸಮಾಧಾನವಾಗುತ್ತದೆ.

ಹೀಗೆ ನಿಲ್ಲುವುದಕ್ಕೆ ಭಯವೊಂದೇ ಕಾರಣವಲ್ಲ. ಸ್ವಾಧ್ಯಾಯ ಮಾಡಿದವರ ಮನೆಯಲ್ಲಿ ಈ ಮೌನಕ್ಕೆ ಶಾಸ್ತ್ರದ ಬೆಂಬಲವೂ ದೊರೆಯುತ್ತದೆ. ಶರೀರ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನ ಜಿನಮಾರ್ಗದ ಮೊದಲ ಪಾಠ. ಬಿಟ್ಟುಹೋಗುವ ಪುದ್ಗಲವನ್ನು ಸೌದೆಯಲ್ಲಿ ಸುಡಲಿ, ವಿದ್ಯುತ್ ಚಿತಾಗಾರಕ್ಕೆ ಒಯ್ಯಲಿ, ಜ್ಞಾನಿಗೆ ಅದರಿಂದ ಆಗಬೇಕಾದುದೇನು? ಅಲ್ಲದೆ, ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ತಿಳಿಸುವಂತೆ, ದೇಹವನ್ನು ಬಿಟ್ಟ ಜೀವ ಮುಂದಿನ ಜನ್ಮಸ್ಥಾನಕ್ಕೆ ಸಾಗುವ ದಾರಿಯಲ್ಲಿ ಅನಾಹಾರಕವಾಗಿರುವುದು ಒಂದು, ಎರಡು, ಹೆಚ್ಚೆಂದರೆ ಮೂರು ಸಮಯ ಮಾತ್ರ. ಸಮಯವೆಂದರೆ ಕಾಲದ ಅತಿಸೂಕ್ಷ್ಮವಾದ ಅಂಶ; ಕಣ್ಣೆವೆ ಇಕ್ಕುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆದುಹೋಗುತ್ತವೆ. ಮನೆಯವರು ಮೂಗಿನ ಬಳಿ ಕೈ ಹಿಡಿದು ಉಸಿರಿದೆಯೇ ಎಂದು ನೋಡುವ ಹೊತ್ತಿಗೆ ಆ ಜೀವ ಬೇರೊಂದೆಡೆ ಹುಟ್ಟಿಯಾಗಿದೆ. ಅದಕ್ಕೆ ಪಿಂಡ ತಲಪುವುದಿಲ್ಲ, ಎಡೆ ತಲಪುವುದಿಲ್ಲ. ಹೀಗಿರಲು ತನ್ನ ಅಂತ್ಯಸಂಸ್ಕಾರ ಇಂತಹ ರೀತಿಯಲ್ಲಿಯೇ ಆಗಲಿ ಎಂದು ಬಯಸುವುದು ದೇಹದ ಮೇಲಣ ಮಮಕಾರದ ಕೊನೆಯ ಎಳೆಯಲ್ಲವೇ? ಅದನ್ನು ಮಕ್ಕಳ ಮುಂದೆ ಹೇಳಿ ಗಂಟು ಹಾಕುವುದಕ್ಕಿಂತ ಸುಮ್ಮನಿರುವುದೇ ವೈರಾಗ್ಯವಲ್ಲವೇ?

ಪ್ರಶ್ನೆ ತೂಕವುಳ್ಳದ್ದು. ಅದನ್ನು ಒಂದು ದೃಷ್ಟಾಂತದ ಮೇಲೆ ಇಟ್ಟು ನೋಡುವುದು ಲೇಸು.

ಮಳವಳ್ಳಿಯಲ್ಲಿ ಎಂಬತ್ತು ದಾಟಿದ ಒಬ್ಬ ಶ್ರಾವಿಕೆ ಇರುವಳೆಂದು ಭಾವಿಸಿಕೊಳ್ಳಬೇಕು. ನಲವತ್ತು ವರ್ಷಗಳ ಹಿಂದೆ, ವಿಹಾರಕ್ಕೆ ಬಂದ ಮುನಿಗಳ ಸನ್ನಿಧಿಯಲ್ಲಿ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಚತುರ್ವಿಧ ಆಹಾರವನ್ನೂ ಬಿಡುವುದಾಗಿ ಆಕೆ ಯಾವಜ್ಜೀವ ಪ್ರತಿಜ್ಞೆ ಮಾಡಿದ್ದಾಳೆ. ಔಷಧಕ್ಕೂ ಜೇನು ಮುಟ್ಟುವುದಿಲ್ಲವೆಂಬುದು ಇನ್ನೊಂದು ನಿಯಮ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಬದುಕಿರುವವರೆಗಿನ ತ್ಯಾಗವನ್ನು ಯಮವೆಂದೂ ಬೇರ್ಪಡಿಸಿದ್ದಾರೆ. ಪರ್ವದ ವ್ರತಗಳು ಮನೆಮಂದಿಗೆ ಕಾಣುತ್ತವೆ, ಯಮ ಕಾಣುವುದಿಲ್ಲ. ದಿನಬಳಕೆಯಲ್ಲಿ ಸೇರಿಹೋದ ತ್ಯಾಗವನ್ನು ಮನೆಯವರು ‘ಅಮ್ಮನಿಗೆ ರಾತ್ರಿ ಹಸಿವಿಲ್ಲ’ ಎಂದು ಮಾತ್ರ ಬಲ್ಲರು. ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯವನು ಹೊರದೇಶದಲ್ಲಿ, ಮಗಳು ಮೈಸೂರಿನಲ್ಲಿ. ಒಂದು ಮುಂಜಾನೆ ಆಕೆಗೆ ಪಾರ್ಶ್ವವಾಯು ಬಡಿಯುತ್ತದೆ. ಮಳವಳ್ಳಿಯಿಂದ ಮಂಡ್ಯಕ್ಕೆ, ಮಂಡ್ಯದಿಂದ ಮೈಸೂರಿಗೆ. ಮಾತು ನಿಂತಿದೆ, ಎಚ್ಚರ ತಪ್ಪಿದೆ. ಮೂಗಿನಲ್ಲಿ ನಳಿಕೆ ಇಟ್ಟು ಎರಡೆರಡು ಗಂಟೆಗೊಮ್ಮೆ ದ್ರವಾಹಾರ ಕೊಡುತ್ತಾರೆ. ನಡುರಾತ್ರಿ ಎರಡು ಗಂಟೆಗೆ ದಾದಿ ಬಂದು, ತನ್ನ ಕರ್ತವ್ಯವನ್ನು ಶ್ರದ್ಧೆಯಿಂದ ಮಾಡಿ ಹೋಗುತ್ತಾಳೆ. ಹನ್ನೊಂದು ದಿನ ಹೀಗೆ ನಡೆದು ಆಕೆ ಕಾಲವಾಗುತ್ತಾಳೆ. ನಲವತ್ತು ವರ್ಷ ಕಾಯ್ದುಕೊಂಡ ಪ್ರತಿಜ್ಞೆ ಕೊನೆಯ ಹನ್ನೊಂದು ರಾತ್ರಿಗಳಲ್ಲಿ ಮುರಿಯಿತು. ಮುರಿದುದು ಯಾರಿಗೂ ತಿಳಿಯಲಿಲ್ಲ.

ದೋಷ ಯಾರದು? ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಅದರ ಮೂಲದಲ್ಲಿ ಇರಿಸಿದ್ದಾರೆ. ಅದೇ ಅಳತೆಗೋಲನ್ನು ವ್ರತಭಂಗಕ್ಕೂ ಹಿಡಿಯಬಹುದು. ಎಚ್ಚರವಿಲ್ಲದ ಆ ತಾಯಿಗೆ ಸವಿಯುವ ಭಾವವಿಲ್ಲ. ನಳಿಕೆಯಲ್ಲಿ ಇಳಿದ ಗಂಜಿ ಆಕೆಯ ಭೋಜನವಲ್ಲ. ದಾದಿಗೆ ವ್ರತದ ಅರಿವಿಲ್ಲ. ಮಕ್ಕಳಿಗೂ ಅರಿವಿಲ್ಲ, ತಾಯಿ ಹಸಿದಿರಬಾರದೆಂಬುದೇ ಅವರ ಕಳಕಳಿ. ಆಸ್ಪತ್ರೆಯ ಆ ಕೋಣೆಯಲ್ಲಿ ಹುಡುಕಿದರೆ ಪ್ರಮಾದ ಎಲ್ಲಿಯೂ ಸಿಗುವುದಿಲ್ಲ. ಹುಡುಕಬೇಕಾದ ಸ್ಥಳ ಅದಲ್ಲ. ಹತ್ತು ವರ್ಷಗಳ ಹಿಂದೆ, ನಾಲಗೆ ಸ್ವಾಧೀನದಲ್ಲಿದ್ದಾಗ, ಹಜಾರದಲ್ಲಿ ಮಕ್ಕಳು ಸುತ್ತ ಕುಳಿತಿದ್ದಾಗ, ‘ಬಿಡ್ತು ಅನ್ನಿ’ ಎಂಬ ಮಾತಿಗೆ ಸೋತು ಆಕೆ ಸುಮ್ಮನಾದಳಲ್ಲ, ಪ್ರಮಾದ ನಡೆದುದು ಅಲ್ಲಿ. ಅದು ಆಕೆಯೊಬ್ಬಳದೇ ಅಲ್ಲ. ತಡೆದ ಮಗಳಿಗೂ ಅದರಲ್ಲಿ ಪಾಲಿದೆ.

ಇದರಿಂದ ಮೊದಲಿನ ಪ್ರಶ್ನೆಗೆ ದಾರಿ ಸಿಗುತ್ತದೆ. ದೇಹ ತನ್ನದಲ್ಲ, ನಿಜ. ಆದರೆ ದೇಹದ ನಿಮಿತ್ತವಾಗಿ ನಡೆಯುವ ಆರಂಭ, ಹಿಂಸೆ, ಕಲಹಗಳ ಸಂಬಂಧ ತನಗಿಲ್ಲವೆಂದು ಶ್ರಾವಕನು ಹೇಳಲಾರ. ಮಾಡುವುದು, ಮಾಡಿಸುವುದು, ಒಪ್ಪುವುದು ಎಂಬ ಮೂರನ್ನೂ ಮನ-ವಚನ-ಕಾಯಗಳಿಂದ ಗುಣಿಸಿ ನೋಡುವುದು ಜೈನರ ಲೆಕ್ಕ. ಒಂದು ಮಾತು ಹೇಳಿದ್ದರೆ ನಿಲ್ಲುತ್ತಿದ್ದ ಹಿಂಸೆಯನ್ನು ಹೇಳದೆ ನಡೆಯಗೊಟ್ಟವನು ಆ ಲೆಕ್ಕದಿಂದ ಹೊರಗೆ ನಿಲ್ಲುವುದು ಕಷ್ಟ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವರ್ತಕನ ಉಪಮೆ ಈ ಸೀಮೆಯವರಿಗೆ ಚೆನ್ನಾಗಿ ಅರ್ಥವಾಗತಕ್ಕದ್ದು. ಸರಕು ತುಂಬಿದ ಮನೆಗೆ ವಿನಾಶದ ಕಾರಣ ಬಂದೊದಗಿದರೆ ವರ್ತಕ ಮೊದಲು ಮನೆಯನ್ನು ಉಳಿಸಲು ಯತ್ನಿಸುತ್ತಾನೆ. ಆಗದಿದ್ದರೆ ಸರಕನ್ನಾದರೂ ಉಳಿಸುತ್ತಾನೆ. ಮಂಡ್ಯದ ಬೆಲ್ಲದ ಮಂಡಿಯವನೂ ಹಾಗೆಯೇ ಮಾಡುವನು. ಆದರೆ ಮೂಟೆಗಳು ಎಲ್ಲಿವೆ, ಬೀಗದ ಕೈ ಯಾವುದು ಎಂಬುದನ್ನು ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟ ವರ್ತಕನಿಗೆ, ತಾನೇ ಹಾಸಿಗೆ ಹಿಡಿದಿರುವಾಗ ಉರಿ ಬಿದ್ದರೆ, ನೆರವಾಗುವವರು ಯಾರು?

ಇನ್ನು ಪ್ರಾಣ ಹೋದ ಮೇಲಿನ ಮಾತು. ಶವದಲ್ಲಿ ಅಂತರ್ಮುಹೂರ್ತ ಕಳೆದ ಮೇಲೆ, ಎಂದರೆ ಹೆಚ್ಚೆಂದರೆ ಎರಡು ಘಳಿಗೆಯ ಹೊತ್ತಿನ ಮೇಲೆ, ಸಂಮೂರ್ಛನ ಜೀವಗಳು ಹುಟ್ಟತೊಡಗುತ್ತವೆ ಎಂಬ ತಿಳಿವಳಿಕೆ ಪರಂಪರೆಯಿಂದ ಬಂದಿದೆ. ತಡಮಾಡದೆ ದಹನ ಮಾಡುವ ರೂಢಿಗೆ ಆಧಾರ ಅದು. ಈಗ ನಡೆಯುತ್ತಿರುವುದೇನು? ಬೆಂಗಳೂರಿನ ಮಗ ಹೆದ್ದಾರಿಯಲ್ಲಿ ಎರಡು ಗಂಟೆಯೊಳಗೆ ಮದ್ದೂರು ಸೇರುತ್ತಾನೆ, ಸರಿ. ಹೊರದೇಶದವನು ಬರಲು ಎರಡು ದಿನ ಬೇಕು. ಅಲ್ಲಿಯವರೆಗೆ ಫ್ರೀಜರ್ ಪೆಟ್ಟಿಗೆಯನ್ನು ಬಾಡಿಗೆಗೆ ತಂದು ಹಜಾರದಲ್ಲಿ ಇಡುತ್ತಾರೆ. ಮೇಲೆ ಮಣಗಟ್ಟಲೆ ಹೂವು. ಮಗನ ಮುಖ ನೋಡಲೆಂದು ತಂದೆಯನ್ನು ಕಾಯಿಸುತ್ತಿದ್ದೇವೆ ಎನ್ನುತ್ತಾರೆ. ನೋಡುವ ಕಣ್ಣು ತಂದೆಯದಲ್ಲ, ಮಗನದು. ಆ ಮಗನ ದುಃಖ ಸುಳ್ಳೆಂದು ಯಾರೂ ಹೇಳಬಾರದು. ಆದರೆ ‘ನನಗಾಗಿ ಕಾಯಬೇಡಿ, ಅವನು ಬಂದಾಗ ಬರಲಿ’ ಎಂದು ತಂದೆಯೇ ಬದುಕಿರುವಾಗ, ಆ ಮಗನಿಗೇ ಫೋನಿನಲ್ಲಿ ಹೇಳಿದ್ದರೆ, ಕಾಯದೆ ಇದ್ದ ಅಣ್ಣನ ಮೇಲೆ ತಮ್ಮನು ಆಯುಷ್ಯವಿಡೀ ಮುನಿಸು ಹೊರುವ ಸಂದರ್ಭ ಬರುತ್ತಿರಲಿಲ್ಲ. ಸತ್ತವರ ಹೆಸರಿನಲ್ಲಿ ಹುಟ್ಟುವ ಇಂತಹ ಮುನಿಸುಗಳು ಆಸ್ತಿಯ ಮುನಿಸಿಗಿಂತ ಗಟ್ಟಿ, ಪಂಚಾಯಿತಿಯಲ್ಲಿ ತೀರುವಂಥವಲ್ಲ.

ಮಂಡ್ಯ ಜಿಲ್ಲೆಯಲ್ಲಿ ಜೈನರ ಮನೆಗಳು ಕಡಿಮೆ. ಚಟ್ಟ ಕಟ್ಟುವವರು, ಹೆಗಲು ಕೊಡುವವರು ಬಹುಮಟ್ಟಿಗೆ ನೆರೆಯ ಒಕ್ಕಲುಮಕ್ಕಳು. ಅವರ ಉಪಕಾರ ದೊಡ್ಡದು. ಆದರೆ ಮನೆಯವರಿಗೆ ತಮ್ಮ ಆಚಾರ ತಿಳಿಯದಿದ್ದಾಗ ನೆರೆಯ ಹಿರಿಯರು ತಮಗೆ ತಿಳಿದುದನ್ನು ಹೇಳಿಕೊಡುತ್ತಾರೆ. ಮೂರನೆಯ ದಿನ ಹಾಲುತುಪ್ಪ, ಆಮೇಲೆ ಎಡೆ, ತಿಥಿ. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ‘ತಿಥಿ’ ಚಲನಚಿತ್ರ ಈ ಜಿಲ್ಲೆಯ ನೊದೆಕೊಪ್ಪಲಿನಲ್ಲಿಯೇ ನಡೆಯುವ ಕಥೆ. ಶತಾಯುಷಿಯೊಬ್ಬನು ಸತ್ತ ಮೇಲೆ ಹನ್ನೊಂದನೆಯ ದಿನದ ಊಟಕ್ಕಾಗಿ ಸಂತತಿಯವರು ಪಡುವ ಪಾಡು, ಮಾಡುವ ಸಾಲ, ಕುರಿಗಳಿಗೆ ಒದಗುವ ಗತಿ, ಎಲ್ಲವೂ ಅದರಲ್ಲಿವೆ. ನಗಿಸುವ ಚಿತ್ರ. ಶ್ರಾವಕರ ಮನೆಯಲ್ಲಿ ಕುರಿ ಬೀಳುವುದಿಲ್ಲ. ಆದರೆ ಸಾಲ ಮಾಡಿ ಸಾವಿರ ಜನಕ್ಕೆ ಎಲೆ ಹಾಕುವ ಚಪಲ ಅಲ್ಲಿಯೂ ಇದೆ.

ಬೂದಿಯ ವಿಷಯ ಇದಕ್ಕಿಂತ ಸೂಕ್ಷ್ಮ. ಶ್ರೀರಂಗಪಟ್ಟಣದ ಬಳಿ ಕಾವೇರಿ ಪಡುವಣಕ್ಕೆ ತಿರುಗುವ ಪಶ್ಚಿಮವಾಹಿನಿ ಅಸ್ಥಿವಿಸರ್ಜನೆಗೆ ಪ್ರಸಿದ್ಧವಾದ ಸ್ಥಳ. 1948ರ ಫೆಬ್ರವರಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟುದೂ ಅಲ್ಲಿಯೇ. ಅಷ್ಟು ಹತ್ತಿರದಲ್ಲಿ ಹೊಳೆ ಇರುವಾಗ ಜೈನರೂ ಗಡಿಗೆ ಹಿಡಿದು ಅಲ್ಲಿಗೆ ಹೋಗುತ್ತಾರೆ. ಸಮಂತಭದ್ರರು ನದೀಸ್ನಾನದಿಂದ ಪುಣ್ಯವೆಂದು ನಂಬುವುದನ್ನು ಲೋಕಮೂಢತೆಯ ಸಾಲಿಗೆ ಸೇರಿಸಿದ್ದಾರೆ. ಅಸ್ಥಿಯನ್ನು ನೀರಿಗೆ ಬಿಟ್ಟರೆ ಸದ್ಗತಿ ಎಂಬ ನಂಬಿಕೆಯೂ ಅದರ ಕವಲೇ ಆಗಿದೆ. ಬಿಸಿ ಆರದ ಬೂದಿಯಿಂದ ಅಪ್ಕಾಯಿಕ ಜೀವಗಳಿಗೆ, ನೀರಿನಲ್ಲಿರುವ ತ್ರಸಜೀವಗಳಿಗೆ ಆಗುವ ಬಾಧೆ ಬೇರೆ. ಒಣನೆಲದಲ್ಲಿ ಒಂದು ಗುಂಡಿ ತೆಗೆದು ಮುಚ್ಚಿದರೆ ಸಾಕು. ಆದರೆ ಇದನ್ನು ಹೇಳಬೇಕಾದವರು ಯಾರು? ದುಃಖದಲ್ಲಿ ತಲೆ ಕೆಟ್ಟ ಮಗ ಶ್ರಾವಕಾಚಾರ ಗ್ರಂಥವನ್ನು ತೆರೆದು ನೋಡುವುದಿಲ್ಲ. ಕಾರು ಕರೆದೊಯ್ದಲ್ಲಿಗೆ ಹೋಗುತ್ತಾನೆ.

ಇವೆಲ್ಲ ಹೊಲಸಿನ ಮಾತು, ಧರ್ಮಚರ್ಚೆಗೆ ತಕ್ಕುದಲ್ಲ ಎಂದು ಮೂಗು ಮುರಿಯುವವರು ಶಿವಾರ್ಯರ ಭಗವತೀ ಆರಾಧನೆಯನ್ನು ನೋಡಬೇಕು. ಸಮಾಧಿಮರಣವನ್ನು ಕುರಿತು ದಿಗಂಬರ ಪರಂಪರೆಯಲ್ಲಿ ಅದಕ್ಕಿಂತ ವಿಸ್ತಾರವಾದ ಗ್ರಂಥವಿಲ್ಲ. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ಬೇರು ಇರುವುದೂ ಅದರಲ್ಲಿ. ಸಾವಿರಾರು ಗಾಹೆಗಳಲ್ಲಿ ಧ್ಯಾನ, ಲೇಶ್ಯೆ, ಕಷಾಯಜಯಗಳನ್ನು ವರ್ಣಿಸಿದ ಆಚಾರ್ಯರು ಕೊನೆಯ ಭಾಗದಲ್ಲಿ ಕ್ಷಪಕನ ಶವವನ್ನು ಏನು ಮಾಡಬೇಕೆಂಬುದನ್ನೂ ಬಿಡದೆ ಹೇಳಿದ್ದಾರೆ. ಆ ಪ್ರಕರಣಕ್ಕೆ ವಿಜಹನಾ ಎಂದು ಹೆಸರು. ಮುನಿ ಯಾವ ವೇಳೆಯಲ್ಲಿ ಕಾಲವಾದರೆ ಆ ವೇಳೆಯಲ್ಲಿಯೇ ಶವವನ್ನು ಹೊರಗೆ ಸಾಗಿಸಬೇಕು. ಹೊತ್ತಲ್ಲದ ಹೊತ್ತಾದರೆ ಧೀರರಾದವರು ಎಚ್ಚರವಿದ್ದು ಕಾಯಬೇಕು. ನಿಷೀಧಿಯ ನೆಲ ಹೇಗಿರಬೇಕು. ಹೀಗೆ ವಿವರವಾಗಿ ಬರುತ್ತದೆ. ಗೃಹಸ್ಥರ ಮನೆಯ ಒಂದು ತೊಡಕಿಗೂ ಇಲ್ಲಿ ಬೆಳಕಿದೆ. ಸಂಜೆ ಪ್ರಾಣ ಹೋದರೆ ತಡಮಾಡಬಾರದೆಂದು ರಾತ್ರಿಯೇ ಚಿತೆ ಹೊತ್ತಿಸಬೇಕೇ, ಉರಿಗೆ ಬೀಳುವ ಹುಳುಹುಪ್ಪಟೆಗಳನ್ನು ನೆನೆದು ಬೆಳಗಿನವರೆಗೆ ಕಾಯಬೇಕೇ? ಎರಡೂ ಕಡೆ ಅಹಿಂಸೆಯೇ ಇದೆ. ಇಂತಹದನ್ನು ಶವದ ಪಕ್ಕದಲ್ಲಿ ನಿಂತು ವಾದಿಸಲಾಗದು; ಬದುಕಿರುವಾಗಲೇ, ಊಟವಾದ ಮೇಲೆ, ನಿಧಾನವಾಗಿ ಯೋಚಿಸಿ ಗೊತ್ತುಮಾಡಿಡತಕ್ಕದ್ದು.

ಅದೇ ಗ್ರಂಥದಲ್ಲಿ ಇನ್ನೊಂದು ವಿಷಯವಿದೆ. ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರು ಬೇಕು. ಕೆಲವರು ಧರ್ಮಕಥೆ ಹೇಳುವವರು, ಕೆಲವರು ಮೈ ತಿರುಗಿಸುವವರು, ಕೆಲವರು ಬಾಗಿಲು ಕಾಯುವವರು. ಕಾಲ ಕೆಟ್ಟಿದ್ದು ಅಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸುತ್ತ ಬರಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಮನೆಮಾರು, ಬಂಧುಬಳಗ ಎಲ್ಲವನ್ನೂ ತೊರೆದ ನಿರ್ಗ್ರಂಥನಿಗೇ ಒಬ್ಬಂಟಿಯಾಗಿ ಸಾಯುವ ಸ್ವಾತಂತ್ರ್ಯವನ್ನು ಶಾಸ್ತ್ರ ಕೊಟ್ಟಿಲ್ಲ. ಹೆಂಡತಿ ಮಕ್ಕಳ ನಡುವೆ ಇರುವ ಗೃಹಸ್ಥನು ‘ನನ್ನ ಸಾವು ನನ್ನದು, ಅವರಿಗೇಕೆ’ ಎಂದರೆ ಅದು ವೈರಾಗ್ಯವಾಗದು. ನೆರವು ಬೇಡುವ ವಿನಯ ಇಲ್ಲವೆಂದಷ್ಟೇ ಆಗುತ್ತದೆ.

ಹೇಳಬೇಕು, ಸರಿ. ಹೇಗೆ ಹೇಳಬೇಕು? ಇಲ್ಲಿಯೇ ಬಹಳ ಜನ ಎಡವುತ್ತಾರೆ. ಮನೆಯ ಯಜಮಾನ ಅಪ್ಪಣೆ ಕೊಡುವವನಂತೆ ಒಂದು ಪಟ್ಟಿ ಓದುತ್ತಾನೆ. ಕೇಳಿದವರು ತಲೆಯಾಡಿಸಿ ಮರೆಯುತ್ತಾರೆ. ರತ್ನಕರಂಡಕದಲ್ಲಿ ಸಲ್ಲೇಖನೆಯ ಪ್ರಕರಣ ಆರಂಭವಾಗುವ ಕ್ರಮವನ್ನು ಗಮನಿಸಬೇಕು. ಆಹಾರವನ್ನು ಕಡಿಮೆ ಮಾಡುವ ಮಾತು ಬರುವುದು ಆಮೇಲೆ. ಮೊದಲು ಬರುವುದು ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಟ್ಟು, ಸ್ವಜನರನ್ನೂ ಪರಿಜನರನ್ನೂ ತಾನು ಕ್ಷಮಿಸಿ, ಪ್ರಿಯವಾದ ಮಾತುಗಳಿಂದ ಅವರ ಕ್ಷಮೆಯನ್ನು ಕೇಳುವುದು. ಕುಂದಕುಂದಾಚಾರ್ಯರ ಪ್ರವಚನಸಾರದ ಮೂರನೆಯ ಅಧಿಕಾರದಲ್ಲಿ, ದೀಕ್ಷೆಗೆ ಹೊರಟವನು ಬಂಧುವರ್ಗವನ್ನು ಕೇಳಿ, ಹಿರಿಯರು, ಪತ್ನಿ, ಪುತ್ರರಿಂದ ಬಿಡಿಸಿಕೊಂಡು ಹೋಗಬೇಕೆಂದಿದೆ. ಅಮೃತಚಂದ್ರಸೂರಿಗಳ ಟೀಕೆ ಆ ಮಾತನ್ನು ಹೇಗೆ ಆಡಬೇಕೆಂಬುದನ್ನೂ ತೋರಿಸುತ್ತದೆ: ತಂದೆಯನ್ನು ತಂದೆಯೆಂದಷ್ಟೇ ಕರೆಯದೆ, ತಂದೆಯ ಶರೀರದಲ್ಲಿ ನೆಲೆಸಿರುವ ಆತ್ಮವೇ ಎಂದು ಕರೆದು ಬೀಳ್ಕೊಡುಗೆ ಬೇಡುವುದು. ಕರೆಯುವವನೂ ಆತ್ಮ, ಕೇಳುವವನೂ ಆತ್ಮ. ಅಲ್ಲಿ ಅಪ್ಪಣೆಯ ದನಿ ಇಲ್ಲ, ಅಂಗಲಾಚುವ ದನಿಯೂ ಇಲ್ಲ. ಮದ್ದೂರಿನ ಮನೆಯಲ್ಲಿ ಯಾರೂ ಆ ಮಾತುಗಳನ್ನೇ ಬಳಸಬೇಕಾಗಿಲ್ಲ. ಆ ದನಿ ಬಂದರೆ ಸಾಕು.

ಇದು ಗ್ರಂಥದಲ್ಲಿ ಮಾತ್ರ ಉಳಿದ ಆದರ್ಶವಲ್ಲವೆಂಬುದಕ್ಕೆ ಮಂಡ್ಯದ ಗಡಿಗೆ ಹತ್ತಿದಂತಿರುವ ಶ್ರವಣಬೆಳಗೊಳದಲ್ಲಿ ಕಲ್ಲಿನ ಸಾಕ್ಷಿಯಿದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ 1123ರಲ್ಲಿ ಚಂದ್ರಗಿರಿಯ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳು. ಆಕೆಯ ತಾಯಿ ಮಾಚಿಕಬ್ಬೆ ಜೈನಳು, ತಂದೆ ಮಾರಸಿಂಗಯ್ಯ ಶೈವ. ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಂನ್ಯಸನವನ್ನು ಕೈಕೊಂಡು, ಒಂದು ತಿಂಗಳು ಉಪವಾಸವಿದ್ದು, ಗುರುಗಳ ಹಾಗೂ ಭವ್ಯಜನರ ಸನ್ನಿಧಿಯಲ್ಲಿ ಸಮಾಧಿಯನ್ನು ಪಡೆದಳೆಂದು ಶಾಸನ ಹೇಳುತ್ತದೆ. ಶಾಸನಕವಿ ಹೊಗಳುವುದು ಆಕೆಯ ಅರೆಮುಚ್ಚಿದ ಕಣ್ಣುಗಳನ್ನು, ಪಂಚಪದಗಳ ಉಚ್ಚಾರವನ್ನು, ಜಿನೇಂದ್ರನ ಸ್ಮರಣೆಯನ್ನು. ಅವುಗಳ ಜೊತೆಗೇ, ಅವುಗಳಿಗೆ ಸಮನಾಗಿ, ಬಂಧುಜನರನ್ನು ಬೀಳ್ಕೊಂಡ ಘನತೆಯನ್ನು. ನೆಂಟರ ಮುಂದೆ ಆಡಿದ ಮಾತನ್ನು ಪಂಚನಮಸ್ಕಾರದ ಸಾಲಿನಲ್ಲಿ ಇರಿಸಿದ ಆ ಕವಿಯ ತೂಕದ ಕಲ್ಲು ಸರಿಯಾದುದು.

ಒಂದು ಶಂಕೆ ಇಲ್ಲಿ ಏಳುವುದು ಸಹಜ. ಮಗಳಿಲ್ಲದೆ ಇರಲಾರೆನೆಂದು ಹೊರಟವಳ ಮನಸ್ಸಿನಲ್ಲಿ ಮರಣಾಶಂಸೆಯೂ ಮಿತ್ರಾನುರಾಗವೂ ಇರಲಿಲ್ಲವೇ? ಇವೆರಡೂ ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಸೇರಿವೆಯಲ್ಲ? ಹೊರಟಾಗ ಇದ್ದಿರಬಹುದು. ತಾಯಿಯ ಕರುಳು ಶಾಸ್ತ್ರವನ್ನು ಕೇಳಿ ಮಿಡಿಯುವುದಿಲ್ಲ. ಆದರೆ ಬಂಧುಗಳನ್ನು ಎದುರು ಕೂರಿಸಿಕೊಂಡು, ಅವರಲ್ಲಿ ಬೇರೆ ಧರ್ಮದವನಾದ ಪತಿಯನ್ನೂ ನೆನೆದು, ಬಿಡುಗಡೆಯ ಮಾತನ್ನು ಆಡುವಾಗ ಆ ದುಃಖ ಹೊರಬಂದು ತಿಳಿಯಾಗುವುದಕ್ಕೆ ಎಡೆ ದೊರೆಯುತ್ತದೆ. ಒಳಗೇ ಇಟ್ಟುಕೊಂಡಿದ್ದರೆ ಅದು ಶಲ್ಯವಾಗಿ ನಾಟಿಕೊಳ್ಳುತ್ತಿತ್ತು. ಶಲ್ಯವಿಲ್ಲದವನೇ ವ್ರತಿ ಎಂದಲ್ಲವೇ ಸೂತ್ರಕಾರರ ಅಭಿಪ್ರಾಯ? ಆಡದೆ ಉಳಿದ ಮಾತು ಆಡುವವನಿಗೂ ಮುಳ್ಳು, ಕೇಳಬೇಕಾಗಿದ್ದವನಿಗೂ ಮುಳ್ಳು.

ಮಾತನಾಡುವುದರಲ್ಲಿಯೂ ಕಷಾಯ ನುಸುಳುವುದುಂಟು. ತನ್ನ ಸ್ಮಾರಕ ಹೀಗಿರಲಿ, ಬಸದಿಯಲ್ಲಿ ಕಲ್ಲಿನ ಮೇಲೆ ಹೆಸರು ಬರಲಿ, ಪೇಟೆಬೀದಿಯಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸು ನಿಲ್ಲಲಿ ಎಂಬ ಬಯಕೆ ಮಾನಕಷಾಯ; ಇದರಿಂದ ಇಂತಹ ಗತಿ ದೊರೆಯಲಿ ಎಂಬುದು ನಿದಾನ. ನಿಷೀಧಿಕಲ್ಲುಗಳು ಹಾಗಲ್ಲವೇ ಎಂದು ಕೇಳಬಹುದು. ಮಳವಳ್ಳಿಯಿಂದ ದೂರವಲ್ಲದ ದೊಡ್ಡಹುಂಡಿಯಲ್ಲಿ ದೊರೆತ ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ಗಂಗರ ನೀತಿಮಾರ್ಗನು ಪ್ರಾಣ ಬಿಡುತ್ತಿರುವ ಚಿತ್ರವಿದೆ. ಸೇವಕನಾದ ಅಗರಯ್ಯ ದೊರೆಯನ್ನು ಆತುಕೊಂಡಿದ್ದಾನೆ, ಮಗ ಬಳಿಯಲ್ಲಿ ನಿಂತಿದ್ದಾನೆ. ಆ ಕಲ್ಲಿನಲ್ಲಿ ಕಾಣುವುದು ರಾಜನ ವೈಭವವಲ್ಲ. ಸಾಯುವವನ ಸುತ್ತ ಯಾರಿದ್ದರು ಎಂಬುದು. ಅದನ್ನು ನಿಲ್ಲಿಸುವುದು ಉಳಿದವರಿಗೆ ಸೇರಿದ ಕೆಲಸ, ಹೋಗುವವನು ಬೇಡಿಕೊಳ್ಳತಕ್ಕದ್ದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಶಕವರ್ಷ 872ರಲ್ಲಿ, ಎಂದರೆ ಕ್ರಿ.ಶ. 949-50ರಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೂ ಕಲ್ಲು ನಿಂತಿತು. ಕಾಳಿ ಏನನ್ನೂ ಕೇಳಿಕೊಂಡಿರಲಿಲ್ಲ. ಅದೇ ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಕಾಲದಲ್ಲಿ ಕರಗಿಹೋದ ಬಸದಿಗಳ ಅವಶೇಷಗಳ ನಡುವೆ ನಡೆದಾಡಿದರೆ, ಕಟ್ಟಿಸಿದವರ ಹೆಸರುಗಳೂ ಅವುಗಳ ಜೊತೆಗೇ ಮರೆಯಾಗಿರುವುದು ತಿಳಿಯುತ್ತದೆ.

ಮನೆಯವರು ಒಪ್ಪದಿದ್ದರೆ? ನಿಜವಾದ ಪರೀಕ್ಷೆ ಇದು. ನೇತ್ರದಾನದ ಮಾತನ್ನೇ ತೆಗೆದುಕೊಳ್ಳಬಹುದು. ಮರಣದ ನಂತರ ಸುಮಾರು ಆರು ಗಂಟೆಯೊಳಗೆ ನಡೆಯಬೇಕಾದ ಕೆಲಸ ಅದು. ಪ್ರತಿಜ್ಞಾಪತ್ರಕ್ಕೆ ರುಜು ಹಾಕಿ ಪೆಟ್ಟಿಗೆಯಲ್ಲಿ ಇಟ್ಟರೆ ಸಾಲದು. ಆ ಹೊತ್ತಿನಲ್ಲಿ ಫೋನು ಮಾಡುವವರು ಮನೆಯವರೇ. 2006ರ ಏಪ್ರಿಲ್ 12ರಂದು ರಾಜಕುಮಾರ್ ನಿಧನರಾದಾಗ ಊರೆಲ್ಲ ಗಲಭೆಯಲ್ಲಿ ಮುಳುಗಿದ್ದರೂ ಅವರ ಕಣ್ಣುಗಳು ದಾನವಾದುವು. 2021ರ ಅಕ್ಟೋಬರ್ 29ರಂದು ಪುನೀತ್ ಅಕಾಲದಲ್ಲಿ ಹೋದಾಗಲೂ ಹಾಗೆಯೇ ಆಯಿತು. ಆ ಮನೆಯಲ್ಲಿ ಮಾತು ಮೊದಲೇ ಆಗಿಹೋಗಿತ್ತು. ಜೈನರಲ್ಲಿ ಕೆಲವರು ಇದನ್ನು ಔಷಧದಾನ, ಅಭಯದಾನಗಳ ಸಾಲಿಗೆ ಸೇರಿಸುತ್ತಾರೆ. ದೇಹದಾನದ ವಿಷಯದಲ್ಲಿ ಮಾತ್ರ, ಶವವನ್ನು ಬಹುಕಾಲ ಇಡುವುದರಿಂದ, ಸಂಮೂರ್ಛನ ಜೀವಗಳ ಶಂಕೆ ಉಳಿಯುತ್ತದೆ. ಕಣ್ಣಿನ ವಿಷಯದಲ್ಲಿ ಆ ಶಂಕೆ ಅಲ್ಪ. ಹೀಗಿದ್ದೂ ಮಗಳೊಬ್ಬಳು ‘ಅಪ್ಪಾಜಿಯ ಕಣ್ಣು ಮುಟ್ಟಗೊಡಿಸಲಾರೆ’ ಎಂದು ಅತ್ತರೆ ತಂದೆ ಏನು ಮಾಡಬೇಕು? ವಾದಿಸಿ ಗೆಲ್ಲಬಾರದು. ಆಕೆಯ ಮೇಲೆ ಆಣೆ ಹಾಕಬಾರದು. ತನ್ನದಲ್ಲವೆಂದು ತಿಳಿದ ದೇಹದ ಮೇಲೆ ತನ್ನ ಹಟವನ್ನು ಸಾಧಿಸುವುದು, ಹಟದ ವಿಷಯ ದಾನವೇ ಆದರೂ, ಮತ್ತೆ ಮಮಕಾರಕ್ಕೆ ಮರಳುವುದೇ ಆಗುತ್ತದೆ. ಹೇಳಿ, ಕಾರಣ ತಿಳಿಸಿ, ಬಿಡಬೇಕು. ಮುಂದಿನ ಪರ್ವದಲ್ಲಿ ಮತ್ತೊಮ್ಮೆ ಹೇಳಬಹುದು. ಹೇಳಿದವನ ಋಣ ಅಲ್ಲಿಗೆ ತೀರುತ್ತದೆ.

ವ್ರತದ ವಿಷಯದಲ್ಲಿ ಮಾತ್ರ ಇಷ್ಟು ಸಡಿಲಿಕೆ ಸಲ್ಲದು; ಅದನ್ನು ಬರೆದಿಡುವುದು ಒಳ್ಳೆಯದು. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯ, ಗುಣವಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಮಾನ್ಯಮಾಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರು ರುಜು ಮಾಡಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿಕೊಂಡರೆ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಇದು ಚಿಕಿತ್ಸೆಯ ಪತ್ರ, ಸಲ್ಲೇಖನೆಯ ಪತ್ರವಲ್ಲ. ಸಲ್ಲೇಖನೆಗೆ ಗುರುವಿನ ಸನ್ನಿಧಿ ಬೇಕು, ಎಚ್ಚರ ಬೇಕು, ಪ್ರತೀಕಾರವಿಲ್ಲದ ಸ್ಥಿತಿ ಬೇಕು. ಅದನ್ನು ಮಕ್ಕಳ ಮೇಲೆ ಹೊರಿಸಿ ಹೋಗಲು ಬರುವುದಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಸಂಥಾರವನ್ನು ಆತ್ಮಹತ್ಯೆಯೆಂದು ಎಣಿಸಿದಾಗ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಅಂತ್ಯಸಂಸ್ಕಾರದ ಇಚ್ಛೆ ಆ ಚಿಕಿತ್ಸೆಯ ಪತ್ರದ ವ್ಯಾಪ್ತಿಗೆ ಬರುವುದಿಲ್ಲ. ಉಯಿಲಿನಲ್ಲಿ ಬರೆದರೆ ಅದನ್ನು ತೆರೆಯುವ ಹೊತ್ತಿಗೆ ಸೂತಕ ಕಳೆದಿರುತ್ತದೆ. ಉಳಿಯುವುದು ಬಾಯಿಮಾತೊಂದೇ.

ಅದಕ್ಕೆ ತಕ್ಕ ದಿನವೊಂದು ಪಂಚಾಂಗದಲ್ಲಿ ಆಗಲೇ ಇದೆ. ಅನಂತ ಚತುರ್ದಶಿ ಕಳೆದು, ಹುಣ್ಣಿಮೆ ದಾಟಿ ಬರುವ ಭಾದ್ರಪದ ಬಹುಳ ಪಾಡ್ಯ, ಕ್ಷಮಾವಣಿಯ ದಿನ. ದೂರದ ಮಕ್ಕಳೂ ಅಂದು ಫೋನು ಮಾಡುತ್ತಾರೆ. ವರ್ಷದಲ್ಲಿ ಮಾಡಿದ ತಪ್ಪುಗಳಿಗೆ ಕ್ಷಮೆ ಕೇಳುವ ನಾಲಗೆಗೆ ಮುಂದಿನ ಎರಡು ಮಾತು ಭಾರವಾಗುವುದಿಲ್ಲ.

ಮದ್ದೂರಿನ ಒಂದು ಮನೆಯಲ್ಲಿ ಆ ಸಂಜೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿದಿದೆ ಎಂದಿಟ್ಟುಕೊಳ್ಳಬಹುದು. ಯಜಮಾನ ಮೊದಲು ಹೆಂಡತಿಯ, ಆಮೇಲೆ ಮಗ ಸೊಸೆಯರ ಕ್ಷಮೆ ಕೇಳಿದ್ದಾನೆ. ಬಳಿಕ ಹೇಳಿದ್ದಾನೆ: ರಾತ್ರಿಯಲ್ಲಿ ತನ್ನ ಬಾಯಿಗೆ ಏನನ್ನೂ ಹಾಕಬಾರದು, ಯಾರಿಗಾಗಿಯೂ ಕಾಯಬಾರದು, ಒಣಗಿದ, ಹುಳುವಿಲ್ಲದ ಸೌದೆಯನ್ನು ನೋಡಿ ತರಬೇಕು, ಬೂದಿಯನ್ನು ಹೊಳೆಗೆ ಬಿಡದೆ ತೋಟದ ಒಣನೆಲದಲ್ಲಿ ಮುಚ್ಚಬೇಕು, ಊಟದ ಹಣವನ್ನು ಓದುವ ಮಕ್ಕಳಿಗೆ ಕೊಡಬೇಕು. ಮಗ ‘ಬಿಡ್ತು ಅನ್ನಿ’ ಎನ್ನದೆ ಕೇಳಿದ್ದಾನೆ. ಸೊಸೆ ನೋಟುಪುಸ್ತಕ ತಂದಿದ್ದಾಳೆ. ಎಲ್ಲ ಮುಗಿಯಿತೆನ್ನುವಾಗ, ಅದುವರೆಗೆ ಸುಮ್ಮನಿದ್ದ ಯಜಮಾನಿ ಬಾಯಿ ತೆರೆಯುತ್ತಾಳೆ: ‘ನಿಮ್ಮದು ತೋಟದಲ್ಲಾಗಲಿ. ನಮ್ಮ ಅಮ್ಮನದನ್ನು ಪಶ್ಚಿಮವಾಹಿನಿಗೆ ಬಿಟ್ಟಿದ್ದರು. ನನ್ನದೂ ಅಲ್ಲಿಗೇ ಹೋಗಲಿ.’

ಯಜಮಾನನಿಗೆ ಲೋಕಮೂಢತೆಯ ಶ್ಲೋಕ ಬಾಯಿಗೆ ಬಂದಿದೆ. ಐವತ್ತು ವರ್ಷ ಸಂಸಾರ ಮಾಡಿದ ಆಕೆಯ ಬಾಯಿಂದ ಇಂತಹ ಮಾತು ಹೊರಟುದು ಇದೇ ಮೊದಲು. ಆತ ಶ್ಲೋಕವನ್ನು ನುಂಗಿಕೊಂಡು, ಸೊಸೆಯ ಕಡೆ ತಿರುಗಿ, ‘ನಿಮ್ಮ ಅತ್ತೆ ಹೇಳಿದ್ದನ್ನೂ ಬರೆದುಕೊಳ್ಳಮ್ಮ’ ಎನ್ನುತ್ತಾನೆ.